ತಾನೇ ತುಂಬುವ ಕೊಳ: ಬಗ್ದಾದಿನಿಂದ ಮನೆಯಂಗಳದವರೆಗೆ

ಈಜುಕೊಳ ನೋಡಲು ಹೋದವರು ನೀರನ್ನು ನೋಡಿ ಬರುತ್ತಾರೆ. ಪಕ್ಕದಲ್ಲಿರುವ ಚಿಕ್ಕ ಕೋಣೆಯ ಬಾಗಿಲು ತೆರೆದು ನೋಡುವವರು ಕಡಿಮೆ. ಆದರೆ ಕೊಳದ ಜೀವ ಇರುವುದು ಆ ಕೋಣೆಯಲ್ಲಿ. ಪಂಪು, ಮರಳಿನ ಫಿಲ್ಟರು, ನಾಲ್ಕಾರು ವಾಲ್ವುಗಳು, ಔಷಧದ ಡಬ್ಬಗಳು ಎಲ್ಲವೂ ಅಲ್ಲಿರುತ್ತವೆ. ಅವು ಎರಡು ದಿನ ಕೆಲಸ ನಿಲ್ಲಿಸಿದರೆ ನೀಲಿ ನೀರು ಹಸಿರಾಗತೊಡಗುತ್ತದೆ.

ಶ್ರೀಮಂತರ ಮನೆಗಳಲ್ಲಿ ಈಗ ಲ್ಯಾಪ್ ಪೂಲ್ ಎಂಬ ಬಗೆಯ ಕೊಳವನ್ನು ಕಟ್ಟಿಸುತ್ತಾರೆ. ಅದು ನೀರಾಟಕ್ಕಲ್ಲ, ವ್ಯಾಯಾಮಕ್ಕಾಗಿ ಈ ತುದಿಯಿಂದ ಆ ತುದಿಗೆ ಮತ್ತೆ ಮತ್ತೆ ಈಜಲೆಂದೇ ಮಾಡಿದ ಉದ್ದನೆಯ, ಕಿರಿದಾದ ಕೊಳ. 15 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, 1.3 ಮೀಟರ್ ಆಳವಿದ್ದರೆ ಸುಮಾರು 49 ಸಾವಿರ ಲೀಟರ್ ನೀರು ಬೇಕು. ಹಿಂದೆ ಇಂಥ ಕೊಳಕ್ಕೆ ಒಂದೇ ವೇಗದ ಪಂಪು ಇರುತ್ತಿತ್ತು. ಟೈಮರ್ ಗಡಿಯಾರ ಅದನ್ನು ಹೊತ್ತಿಗೆ ಸರಿಯಾಗಿ ಓಡಿಸುತ್ತಿತ್ತು. ಫಿಲ್ಟರಿನ ಒತ್ತಡದ ಮಾಪಕ ಏರಿದಾಗ ಒಬ್ಬ ಮನುಷ್ಯ ಬಂದು ವಾಲ್ವಿನ ಹಿಡಿ ತಿರುಗಿಸಿ, ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯುತ್ತಿದ್ದ. ಕ್ಲೋರಿನನ್ನು ಅಳೆದು ಸುರಿಯುವವನೂ, ಇಳಿದ ನೀರನ್ನು ಪೈಪಿನಿಂದ ತುಂಬಿಸುವವನೂ ಅವನೇ. ಈಗ ಆ ಕೋಣೆಗೆ ಹೊಸ ಯಂತ್ರಗಳು ಬಂದಿವೆ. ಪಂಪು ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುತ್ತದೆ, ವಿದ್ಯುತ್ ಕೋಶವೊಂದು ಉಪ್ಪು ಬೆರೆತ ನೀರಿನಿಂದಲೇ ಕ್ಲೋರಿನ್ ತಯಾರಿಸುತ್ತದೆ, ಸೆನ್ಸರ್‌ಗಳು ನೀರನ್ನು ಪರೀಕ್ಷಿಸುತ್ತವೆ, ಮೋಟಾರು ವಾಲ್ವನ್ನು ತಿರುಗಿಸುತ್ತದೆ. ಯಜಮಾನ ದೂರದ ಊರಿನಲ್ಲಿ ಕುಳಿತು ಮೊಬೈಲಿನಲ್ಲಿ ಎಲ್ಲವನ್ನೂ ನೋಡಬಹುದು.

ಇದೆಲ್ಲ ಕಂಪ್ಯೂಟರ್ ಯುಗದ ಕೊಡುಗೆ ಎಂದು ಭಾವಿಸುವುದು ಸಹಜ. ಆದರೆ ನೀರಿನ ಮೇಲೆ ನಿಗಾ ಇಡುವ ಕೆಲಸವನ್ನು ನೀರಿಗೇ ಒಪ್ಪಿಸುವ ವಿದ್ಯೆ ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ತನ್ನ ಜಲಗಡಿಯಾರದಲ್ಲಿ ನೀರಿನ ಹರಿವನ್ನು ಒಂದೇ ಸಮನಾಗಿಡಲು ತೇಲುವ ಮುಚ್ಚಳವನ್ನು ಬಳಸಿದನೆಂದು ಹೇಳಲಾಗುತ್ತದೆ. ನೀರು ಏರಿದರೆ ಅದು ತೇಲಿ ಮೇಲೆ ಬಂದು ಒಳದಾರಿಯನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ನಮ್ಮ ಮನೆಯ ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವಿನ ತತ್ವ ಇದೇ. ಪಾಶ್ಚಾತ್ಯರ ಜನಪ್ರಿಯ ಪುಸ್ತಕಗಳು ಅಲೆಕ್ಸಾಂಡ್ರಿಯವನ್ನು ಹೆಸರಿಸಿದ ಬಳಿಕ ಒಂದೇ ನೆಗೆತಕ್ಕೆ 18ನೇ ಶತಮಾನದ ಜೇಮ್ಸ್ ವಾಟನ ಬಳಿ ಹೋಗಿ ನಿಲ್ಲುವುದುಂಟು. ನಡುವಿನ ಎರಡು ಸಾವಿರ ವರ್ಷಗಳಲ್ಲಿ ಈ ವಿದ್ಯೆಯನ್ನು ಕಾಪಾಡಿ ಬೆಳೆಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಬಗ್ದಾದಿಗೆ ಹೋಗಬೇಕಾಗುತ್ತದೆ.

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಮುಹಮ್ಮದ್, ಅಹ್ಮದ್ ಮತ್ತು ಹಸನ್ ಎಂಬ ಮೂವರು ಸಹೋದರರಿದ್ದರು. ತಂದೆ ಮೂಸಾ ಬಿನ್ ಶಾಕಿರ್ ತೀರಿಕೊಂಡ ಬಳಿಕ ಈ ಮಕ್ಕಳನ್ನು ಖಲೀಫ ಮಾಮೂನ್ ತನ್ನ ಆಶ್ರಯಕ್ಕೆ ತೆಗೆದುಕೊಂಡು ಓದಿಸಿದನು. ಇತಿಹಾಸ ಇವರನ್ನು ಬನೂ ಮೂಸಾ, ಅಂದರೆ ಮೂಸಾನ ಮಕ್ಕಳು, ಎಂದೇ ಗುರುತಿಸುತ್ತದೆ. ಗ್ರೀಕ್ ಗ್ರಂಥಗಳನ್ನು ತರಿಸಿ ಅರಬಿಗೆ ಅನುವಾದ ಮಾಡಿಸುವುದರಲ್ಲಿ ಇವರು ತಮ್ಮ ಸಂಪತ್ತನ್ನು ಧಾರಾಳವಾಗಿ ಖರ್ಚು ಮಾಡಿದರು. ಸುಮಾರು ಕ್ರಿ.ಶ. 850ರಲ್ಲಿ ಇವರು ರಚಿಸಿದ 'ಕಿತಾಬುಲ್ ಹಿಯಲ್' ಎಂಬ ಕೃತಿಯಲ್ಲಿ ನೂರರಷ್ಟು ಉಪಕರಣಗಳ ವಿವರ ಮತ್ತು ಚಿತ್ರಗಳಿವೆ. ಅದರ ಹೆಚ್ಚಿನ ಭಾಗ ಯಂತ್ರವಿದ್ಯೆಯಲ್ಲಿ ಪಳಗಿದ್ದ ಅಹ್ಮದನದ್ದೆಂದು ವಿದ್ವಾಂಸರ ಅಭಿಪ್ರಾಯ. ಡೊನಾಲ್ಡ್ ಹಿಲ್ ಎಂಬ ಇಂಜಿನಿಯರ್ 1979ರಲ್ಲಿ ಇದನ್ನು ಇಂಗ್ಲಿಷಿಗೆ ತಂದರು.

ಮೇಲ್ನೋಟಕ್ಕೆ ಇದು ಆಟಿಕೆಗಳ ಪುಸ್ತಕ. ಒಂದೇ ಕೊಕ್ಕಿನಿಂದ ಬೇರೆ ಬೇರೆ ಪಾನೀಯ ಸುರಿಯುವ ಹೂಜಿಗಳು, ಆಕಾರ ಬದಲಿಸುವ ಕಾರಂಜಿಗಳು, ಎಷ್ಟು ನೀರು ತೆಗೆದರೂ ಮತ್ತೆ ಹಿಂದಿನ ಮಟ್ಟಕ್ಕೇ ತುಂಬಿಕೊಳ್ಳುವ ಪಾತ್ರೆಗಳು ಇದರಲ್ಲಿವೆ. ಆಸ್ಥಾನದ ಅತಿಥಿಗಳನ್ನು ಬೆರಗುಗೊಳಿಸುವುದೇ ಇವುಗಳ ಉದ್ದೇಶವೆಂದು ಕೆಲವರು ಹಗುರವಾಗಿ ಬರೆದಿದ್ದಾರೆ. ಆದರೆ ಹೂಜಿಯ ಹೊಟ್ಟೆಯೊಳಗೆ ಏನಿದೆ ಎಂದು ನೋಡಿದರೆ ಬೇರೆಯದೇ ಕತೆ. ಅಲ್ಲಿ ತೇಲುಗಳಿವೆ, ಕೋನಾಕಾರದ ವಾಲ್ವುಗಳಿವೆ, ಬಾಗಿದ ಕೊಳವೆಗಳಿವೆ. ನೀರಿನ ಮಟ್ಟ ಒಂದು ಗೆರೆಯನ್ನು ದಾಟಿದರೆ ಇನ್ನೊಂದು ಬಾಗಿಲು ತೆರೆಯುವ ಏರ್ಪಾಡುಗಳಿವೆ. ಫಲಿತಾಂಶವೇ ಕಾರಣದ ಬಳಿಗೆ ಮರಳಿ ಬಂದು ಅದನ್ನು ತಿದ್ದುವ ಈ ಕ್ರಮವನ್ನು ಇಂದಿನ ಇಂಜಿನಿಯರುಗಳು ಫೀಡ್‌ಬ್ಯಾಕ್ ಎಂದು ಕರೆಯುತ್ತಾರೆ. ಇದರ ಇತಿಹಾಸವನ್ನು 1970ರಲ್ಲಿ ಬರೆದ ಆಟೊ ಮೇಯರ್ ಬನೂ ಮೂಸಾರಿಗೆ ಗೌರವದ ಸ್ಥಾನ ಕೊಟ್ಟಿದ್ದಾರೆ. ಅದೇ ಪುಸ್ತಕದ ಕೊನೆಯಲ್ಲಿ ವಿಷವಾಯು ತುಂಬಿದ ಬಾವಿಗೆ ಇಳಿಯುವ ಕೆಲಸಗಾರನಿಗೆ ಗಾಳಿ ಒದಗಿಸುವ ಉಪಕರಣವೂ ಇದೆ. ಬಾವಿಗೆ ಇಳಿಯುವವನ ಉಸಿರಿನ ಬಗ್ಗೆ ಯೋಚಿಸಿದವರನ್ನು ಬರೀ ಆಟಿಕೆಗಾರರೆಂದು ಕರೆಯುವುದು ನ್ಯಾಯವಲ್ಲ.

ಇವರನ್ನು ಹೊಗಳುವ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಆದರೆ ಹದಿಮೂರನೇ ಶತಮಾನದ ಇಬ್ನ್ ಅಬೀ ಉಸೈಬಿಅ ದಾಖಲಿಸಿರುವ ಇನ್ನೊಂದು ಘಟನೆಯನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾಗುತ್ತದೆ. ಖಲೀಫ ಮುತವಕ್ಕಿಲ್ ಸಾಮರ್ರಾದ ಬಳಿ ಜಅಫರಿಯ್ಯ ಎಂಬ ಹೊಸ ನಗರ ಕಟ್ಟಿಸಿದಾಗ ಅದಕ್ಕೆ ಟೈಗ್ರಿಸ್ ನದಿಯಿಂದ ಕಾಲುವೆ ತೋಡಿಸುವ ಹೊಣೆಯನ್ನು ಮುಹಮ್ಮದ್ ಮತ್ತು ಅಹ್ಮದರಿಗೆ ವಹಿಸಿದನು. ಆ ಕಾಲದಲ್ಲಿ ಸನದ್ ಬಿನ್ ಅಲೀ ಎಂಬ ಸಮರ್ಥನಿದ್ದ. ಆದರೆ ಸಹೋದರರು ಪೈಪೋಟಿಯಿಂದ ಅವನನ್ನು ದೂರವಿಟ್ಟಿದ್ದರು. ತತ್ವಜ್ಞಾನಿ ಅಲ್ ಕಿಂದಿಯನ್ನೂ ಖಲೀಫನ ಕೋಪಕ್ಕೆ ಗುರಿಮಾಡಿ ಅವನ ಗ್ರಂಥಭಂಡಾರವನ್ನು ವಶಪಡಿಸಿಕೊಂಡಿದ್ದರು. ಅವರು ಕಾಲುವೆಯ ಕೆಲಸವನ್ನು ಅಲ್ ಫರ್ಗಾನಿಗೆ ಒಪ್ಪಿಸಿದರು. ಅವನು ಖಗೋಳದಲ್ಲಿ ದೊಡ್ಡ ಹೆಸರು ಮಾಡಿದವನು. ಆದರೆ ಕಾಲುವೆಯ ಬಾಯಿಯನ್ನು ಮುಂದಿನ ಭಾಗಕ್ಕಿಂತ ಆಳವಾಗಿ ತೋಡಿಸಿಬಿಟ್ಟ. ಪರಿಣಾಮವಾಗಿ ನದಿ ತುಂಬಿ ಹರಿಯುವಾಗ ಮಾತ್ರ ಕಾಲುವೆಯಲ್ಲಿ ನೀರು ಬರುವಂತಾಯಿತು. ಸುದ್ದಿ ಖಲೀಫನಿಗೆ ಮುಟ್ಟಿತು. ತಪ್ಪು ನಿಜವಾದರೆ ಸಹೋದರರಿಗೆ ಮರಣದಂಡನೆ ಎಂದು ಹೇಳಿ, ಪರೀಕ್ಷಿಸಲು ಸನದನನ್ನೇ ಕರೆಸಿದನು. ಅಲ್ ಕಿಂದಿಯ ಪುಸ್ತಕಗಳನ್ನು ಹಿಂದಿರುಗಿಸಿದ ಮೇಲೆಯೇ ಸಹಾಯ ಮಾಡುವೆನೆಂದು ಸನದ್ ಶರತ್ತು ಹಾಕಿದ. ಪುಸ್ತಕಗಳು ಮರಳಿದ ಬಳಿಕ, ನದಿಯಲ್ಲಿ ನೆರೆ ಇರುವಷ್ಟು ದಿನ ತಪ್ಪು ಬಯಲಾಗದು ಎಂಬ ಲೆಕ್ಕದಲ್ಲಿ ಕಾಲುವೆ ಸರಿಯಾಗಿದೆ ಎಂದು ಖಲೀಫನಿಗೆ ಹೇಳಿದ. ನೆರೆ ಇಳಿಯುವ ಮುನ್ನವೇ, ಕ್ರಿ.ಶ. 861ರಲ್ಲಿ, ಮುತವಕ್ಕಿಲ್ ಕೊಲೆಯಾದನು. ಸಹೋದರರು ಬದುಕಿಕೊಂಡರು.

ಪಾತ್ರೆಯ ನೀರು ಕೂದಲೆಳೆಯಷ್ಟು ಇಳಿದರೂ ಗುರುತಿಸುವ ಯಂತ್ರ ಮಾಡಿದವರ ಕಣ್ಣಿಗೆ ಒಂದು ಇಡೀ ಕಾಲುವೆಯ ಇಳಿಜಾರು ತಪ್ಪಿಹೋಗಿತ್ತು. ಏಕೆಂದರೆ ಅಲ್ಲಿ ಅಳೆಯುವ ತೇಲನ್ನು ಯಾರೂ ಇಟ್ಟಿರಲಿಲ್ಲ. ಯಂತ್ರಕ್ಕೆ ಏನನ್ನು ಅಳೆಯಲು ಕಲಿಸಿದ್ದೇವೋ ಅದನ್ನಷ್ಟೇ ಅದು ಬಲ್ಲದು. ಮನೆಯ ಕೊಳವನ್ನು ಸ್ವಯಂಚಾಲಿತಗೊಳಿಸುವವರು ಎದುರಿಸುವ ತೊಂದರೆಗಳ ಮೂಲ ಬಹುಪಾಲು ಇಲ್ಲೇ ಇದೆ. ಅದಕ್ಕೆ ಮುಂದೆ ಬರೋಣ.

ಬನೂ ಮೂಸಾರ ನಂತರ ಸುಮಾರು ಮೂರೂವರೆ ಶತಮಾನಗಳಾದ ಮೇಲೆ, ಇಂದಿನ ತುರ್ಕಿಯ ದಿಯಾರ್‌ಬಕಿರಿನಲ್ಲಿ ಅರ್ತುಕಿ ವಂಶದ ದೊರೆಗಳ ಬಳಿ ಅಲ್ ಜಝರಿ ಎಂಬ ಇಂಜಿನಿಯರ್ ಇದ್ದ. ಅವನು 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ಐವತ್ತು ಯಂತ್ರಗಳಿವೆ. ಯಂತ್ರ ಏನು ಮಾಡುತ್ತದೆ ಎಂದು ಹೇಳಿ ಸುಮ್ಮನಾಗದೆ, ಬೇರೊಬ್ಬ ಕುಶಲಕರ್ಮಿ ಓದಿ ಅದನ್ನು ಮತ್ತೆ ಮಾಡುವಂತೆ ಅಳತೆಗಳನ್ನೂ ತಯಾರಿಕೆಯ ಕ್ರಮವನ್ನೂ ಬರೆದದ್ದು ಅವನ ವಿಶೇಷ. ವಾಲ್ವಿನಿಂದ ಒಂದು ಹನಿಯೂ ಸೋರದಂತೆ ಅದರ ಎರಡು ಭಾಗಗಳನ್ನು ಕುರುಂದದ ಪುಡಿ ಹಾಕಿ ಒಂದಕ್ಕೊಂದು ತಿಕ್ಕಿ ಕೂಡಿಸುವ ವಿಧಾನವನ್ನೂ ವಿವರಿಸಿದ್ದಾನೆ. ಹಿರಿಯರನ್ನು ಗೌರವಿಸುತ್ತಲೇ ಅವರ ಕೊರತೆ ಹೇಳುವುದಕ್ಕೂ ಅವನು ಹಿಂಜರಿಯಲಿಲ್ಲ. ಬನೂ ಮೂಸಾರ ಕಾರಂಜಿಗಳಲ್ಲಿ ಆಕಾರ ತೀರಾ ಬೇಗ ಬದಲಾಗುವುದರಿಂದ ನೋಡುಗನಿಗೆ ಅದರ ಸೊಗಸು ತಿಳಿಯುವುದಿಲ್ಲ ಎಂದು ಬರೆದು, ತುಂಬಿದಾಗ ಮಗುಚುವ ಬುಟ್ಟಿಗಳನ್ನು ಬಳಸಿ ಆ ಅವಧಿಯನ್ನು ಹೆಚ್ಚಿಸಿದ.

ಅವನ ಯಂತ್ರಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಕೈ ತೊಳೆಯುವ ನವಿಲು. ನವಿಲಿನ ಬಾಲದ ಬಳಿಯ ಬಿರಡೆ ಎಳೆದರೆ ಕೊಕ್ಕಿನಿಂದ ನೀರು ಬೀಳುತ್ತದೆ. ತೊಳೆದ ನೀರು ಕೆಳಗಿನ ಟೊಳ್ಳು ಪೀಠದಲ್ಲಿ ಸೇರಿ ಏರುತ್ತಾ ಹೋದಂತೆ ಒಂದು ತೇಲು ಮೇಲೆದ್ದು ಬಾಗಿಲನ್ನು ನೂಕುತ್ತದೆ. ಬೊಂಬೆಯ ಸೇವಕನೊಬ್ಬ ತೊಳೆಯುವ ಪುಡಿ ಹಿಡಿದು ಹೊರಬರುತ್ತಾನೆ. ನೀರು ಇನ್ನಷ್ಟು ಏರಿದಾಗ ಎರಡನೇ ತೇಲು ಎದ್ದು, ಟವೆಲು ಹಿಡಿದ ಇನ್ನೊಬ್ಬ ಬರುತ್ತಾನೆ. ಮೊದಲು ನೀರು, ಆಮೇಲೆ ಸಾಬೂನು, ಕೊನೆಗೆ ಟವೆಲು. ಇಂದಿನ ಕೊಳದ ಕಂಟ್ರೋಲರ್ ಮೊದಲು ಪಂಪು, ಆಮೇಲೆ ಹೀಟರ್, ಕೊನೆಗೆ ಔಷಧ ಎಂದು ಸರದಿಯಲ್ಲಿ ಕೆಲಸ ಮಾಡಿಸುವುದೂ ಇದೇ ಬಗೆಯಲ್ಲಿ. ಇನ್ನೊಂದು ಯಂತ್ರದ ಹಿನ್ನೆಲೆಯೂ ಸ್ವಾರಸ್ಯಕರ. ವುಝೂ ಮಾಡುವಾಗ ಸೇವಕರೋ ದಾಸಿಯರೋ ಕೈಗೆ ನೀರು ಹೊಯ್ಯುವುದು ದೊರೆಗೆ ಇಷ್ಟವಿರಲಿಲ್ಲ. ಅದಕ್ಕಾಗಿಯೇ ನೀರು ಹೊಯ್ಯುವ ಯಂತ್ರವನ್ನು ಕೇಳಿ ಮಾಡಿಸಿಕೊಂಡನೆಂದು ಜಝರಿ ಬರೆದಿದ್ದಾನೆ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಹೂಜಿ ಹಿಡಿದು ಬಾಗಿ ನಿಲ್ಲುವುದನ್ನು ತಪ್ಪಿಸಬೇಕೆಂಬ ಸಂಕೋಚ ಅದರ ಹಿಂದಿತ್ತೋ, ಏಕಾಂತದ ಬಯಕೆಯಷ್ಟೇ ಇತ್ತೋ, ಓದುಗರೇ ಊಹಿಸಿಕೊಳ್ಳಬೇಕು.

ಜಝರಿಯ ಎರಡು ಸಿಲಿಂಡರುಗಳ ಪಂಪು ತಂತ್ರಜ್ಞಾನದ ಇತಿಹಾಸದಲ್ಲಿ ಇನ್ನೂ ಮುಖ್ಯವಾದುದು. ನೀರಿನ ಚಕ್ರದ ಬಲದಿಂದ ಅದರ ಕೊಂತಗಳು ಹಿಂದೆ ಮುಂದೆ ಚಲಿಸಿ, ಕೊಳವೆಯ ಮೂಲಕ ನೀರನ್ನು ಹೀರಿ ಮೇಲಕ್ಕೆ ನೂಕುತ್ತವೆ. ನಿಜವಾದ ಹೀರುಕೊಳವೆ ಇರುವ, ನಮಗೆ ತಿಳಿದ ಅತ್ಯಂತ ಹಳೆಯ ಪಂಪುಗಳಲ್ಲಿ ಇದೂ ಒಂದು. ಈ ಹೀರುವ ಬಲದ ವಿಷಯ ನೆನಪಿರಲಿ.

ಎಲ್ಲ ಕಡೆಯೂ ಯಂತ್ರವೇ ಉತ್ತರವಾಗಿರಲಿಲ್ಲ. ಗ್ರಾನಡದ ಅಲ್ ಹಂಬ್ರಾ ಅರಮನೆಯ ಕೊಮಾರೆಸ್ ಅಂಗಳದಲ್ಲಿ 14ನೇ ಶತಮಾನದ ಕೊಳವೊಂದಿದೆ. ಸುಮಾರು 34 ಮೀಟರ್ ಉದ್ದ, 7 ಮೀಟರ್ ಅಗಲ. ಆಕಾರದಲ್ಲಿ ಇಂದಿನ ಲ್ಯಾಪ್ ಪೂಲಿನ ಅಣ್ಣನಂತಿದೆ, ಆದರೆ ಅದು ಈಜಲೆಂದಲ್ಲ, ಕನ್ನಡಿಯಂತೆ ಅರಮನೆಯನ್ನು ತೋರಿಸಲೆಂದು. ಎರಡು ತುದಿಯ ದುಂಡು ಬೋಗುಣಿಗಳಲ್ಲಿ ನೀರಿನ ರಭಸ ಕಳೆದು, ಅಲೆ ಏಳದಂತೆ ಮೆಲ್ಲಗೆ ಕೊಳಕ್ಕೆ ಜಾರುತ್ತದೆ. ಪಂಪಿಲ್ಲ, ವಾಲ್ವಿಲ್ಲ, ಇಳಿಜಾರಷ್ಟೇ ಕೆಲಸ ಮಾಡುತ್ತದೆ. ನಮ್ಮ ವಿಜಯಪುರದಲ್ಲಿ ಆದಿಲ್ ಶಾಹಿಗಳು ಮಾಡಿದ್ದೂ ಇದೇ ಜಾತಿಯ ಕೆಲಸ. 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳಿದ್ದವು, ಹಲವು ಇಂದಿಗೂ ನಿಂತಿವೆ. ನೀರು ಗೋಪುರ ಹತ್ತಿ ಇಳಿಯುವಾಗ ಕೊಳವೆಯನ್ನು ಒಡೆಯುವಷ್ಟು ಒತ್ತಡ ಕಡಿಮೆಯಾಗುತ್ತಿತ್ತು, ಕೆಸರು ತಳದಲ್ಲಿ ನಿಲ್ಲುತ್ತಿತ್ತು. ಹತ್ತಿರದ ಕುಮಟಗಿಯ ಬೇಸಿಗೆ ಮಂಟಪಗಳಲ್ಲಿ ಎತ್ತರದ ತೊಟ್ಟಿಯ ಒತ್ತಡದಿಂದಲೇ ನೀರು ಚಿಮ್ಮುತ್ತಿತ್ತು.

ಯುರೋಪಿನಲ್ಲಿ ತೇಲಿನ ವಿದ್ಯೆ ಮತ್ತೆ ಕಾಣಿಸಿಕೊಂಡದ್ದು 18ನೇ ಶತಮಾನದಲ್ಲಿ. ರಷ್ಯದ ಪೊಲ್ಜುನೋವ್ 1765ರಲ್ಲಿ ಉಗಿಯಂತ್ರದ ಬಾಯ್ಲರಿನ ನೀರಿನ ಮಟ್ಟ ಕಾಯಲು ಅದನ್ನು ಬಳಸಿದ. ಈಜುಕೊಳಗಳ ಸ್ಥಿತಿ ಮಾತ್ರ ಬಹುಕಾಲ ಸುಧಾರಿಸಲಿಲ್ಲ. 19ನೇ ಶತಮಾನದ ಇಂಗ್ಲೆಂಡಿನ ಸಾರ್ವಜನಿಕ ಸ್ನಾನಗೃಹಗಳಲ್ಲಿ ಕೊಳ ತುಂಬಿಸಿ, ವಾರಕ್ಕೊಮ್ಮೆಯೋ ಎರಡು ಸಲವೋ ಖಾಲಿ ಮಾಡುವ ಪದ್ಧತಿ ಇತ್ತು. ಹೊಸ ನೀರಿನ ದಿನ ಟಿಕೆಟಿನ ದರ ಹೆಚ್ಚು. ನೀರು ಕೊಳೆಯಾದಂತೆ ದರ ಇಳಿಯುತ್ತಿತ್ತು. ಬಡವರ ಮಕ್ಕಳು ಕೊನೆಯ ದಿನದ ನೀರಿನಲ್ಲಿ ಈಜುತ್ತಿದ್ದರು. ಮೊದಲ ದರ್ಜೆಯ ಕೊಳದ ನೀರನ್ನೇ ಎರಡನೇ ದರ್ಜೆಯ ಕೊಳಕ್ಕೆ ಬಿಡುತ್ತಿದ್ದುದೂ ಉಂಟು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಕೊಳಕ್ಕೆ 1910ರಲ್ಲಿ ಕ್ಲೋರಿನ್ ಹಾಕಿ ರೋಗಾಣುಗಳನ್ನು ಕೊಲ್ಲುವ ಪ್ರಯೋಗ ನಡೆಯಿತು. ನಿರಂತರವಾಗಿ ಸೋಸುವ ಫಿಲ್ಟರು ಮತ್ತು ಕ್ಲೋರಿನ್ ಎರಡೂ ಸೇರಿದ ಬಳಿಕ ಒಂದೇ ನೀರನ್ನು ತಿಂಗಳುಗಟ್ಟಲೆ ಬಳಸುವುದು ಸಾಧ್ಯವಾಯಿತು. ಸೋಮವಾರ ಈಜುವವನಿಗೂ ಶನಿವಾರ ಈಜುವವನಿಗೂ ಒಂದೇ ಶುದ್ಧತೆಯ ನೀರು ಸಿಕ್ಕಿತು. ಈ ಯಂತ್ರಗಳನ್ನು ಸಿರಿವಂತರ ಚಾಳಿ ಎಂದಷ್ಟೇ ಕರೆದು ತಳ್ಳಿಹಾಕುವ ಮುನ್ನ ಇದನ್ನು ನೆನೆಯಬೇಕು.

ಯಂತ್ರದ ಬಲ ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ಜಝರಿಯ ಪಂಪು ಹೀರಿದ್ದು ನೀರನ್ನು ಮಾತ್ರ. ವಿದ್ಯುತ್ ಪಂಪಿನ ಸೆಳೆತ ಕೊಳದ ತಳದ ಒಂದೇ ಕಂಡಿಯಲ್ಲಿ ಕೇಂದ್ರೀಕೃತವಾದಾಗ ಮಕ್ಕಳ ದೇಹವನ್ನೋ ಕೂದಲನ್ನೋ ಹಿಡಿದು ಬಿಡದ ದುರಂತಗಳು ನಡೆದವು. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಹೀಗೆ ತೀರಿಕೊಂಡ ಬಳಿಕ, 2007ರಲ್ಲಿ ಅಲ್ಲಿ ಕಾನೂನು ಮಾಡಿ ಸಾರ್ವಜನಿಕ ಕೊಳಗಳ ತಳದ ಕಂಡಿಗಳಿಗೆ ಸುರಕ್ಷಿತ ಮುಚ್ಚಳ ಕಡ್ಡಾಯಗೊಳಿಸಿದರು. ಹಳೆಯ ಕೊಳವನ್ನು ಹೊಸದಾಗಿಸುವವರು ಮೊಬೈಲ್ ಆ್ಯಪಿನ ಬಗ್ಗೆ ವಿಚಾರಿಸುವ ಮೊದಲು ನೋಡಬೇಕಾದದ್ದು ಈ ಮುಚ್ಚಳವನ್ನು.

ಪಂಪಿನ ವಿಷಯದಲ್ಲಿ ಮಾತ್ರ ಹೊಸದು ನಿಸ್ಸಂದೇಹವಾಗಿ ಒಳ್ಳೆಯದು. ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹರಿಯುವ ನೀರು ಅರ್ಧವಾಗುತ್ತದೆ, ಆದರೆ ಬೇಕಾಗುವ ವಿದ್ಯುತ್ ಬಲ ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ಪಟ್ಟು ಹೊತ್ತು ಓಡಿಸಿದರೂ ಖರ್ಚು ಕಾಲುಭಾಗ. ನಾವು ಹೇಳಿದ 49 ಸಾವಿರ ಲೀಟರ್ ನೀರನ್ನು ಎಂಟು ಗಂಟೆಯಲ್ಲಿ ಒಂದು ಸುತ್ತು ಸೋಸಲು ಗಂಟೆಗೆ 6 ಸಾವಿರ ಲೀಟರಿನ ಹರಿವು ಸಾಕು, ಅದಕ್ಕೆ ಅಬ್ಬರಿಸುವ ಪಂಪು ಬೇಕಿಲ್ಲ. ಅಮೆರಿಕ ಸರಕಾರ 2021ರ ಜುಲೈಯಿಂದ ಕೊಳದ ಪಂಪುಗಳಿಗೆ ಜಾರಿಗೆ ತಂದ ವಿದ್ಯುತ್ ಉಳಿತಾಯದ ನಿಯಮದ ಹಿಂದಿರುವುದು ಈ ಲೆಕ್ಕವೇ.

ಔಷಧದ ಯಂತ್ರದ ವಿಷಯ ಬೇರೆ. ಸೆನ್ಸರ್ ನೀರಿನ ಆಮ್ಲತೆಯನ್ನೂ ರೋಗಾಣು ಕೊಲ್ಲುವ ಶಕ್ತಿಯನ್ನೂ ಅಳೆದು, ಕಡಿಮೆಯಾದಾಗ ಸಣ್ಣ ಪಂಪುಗಳಿಂದ ಆಮ್ಲವನ್ನೂ ಕ್ಲೋರಿನ್ ದ್ರಾವಣವನ್ನೂ ಕೊಳವೆಗೆ ಬಿಡುತ್ತದೆ. ಈಗ ಮುಖ್ಯ ಪಂಪು ನಿಂತಿತು ಎಂದಿಟ್ಟುಕೊಳ್ಳಿ. ಸೆನ್ಸರಿನ ಮುಂದಿರುವುದು ನಿಂತ ನೀರು. ಅದರಲ್ಲಿ ಔಷಧ ಕಡಿಮೆಯಿದೆ ಎಂದೇ ಅದು ವರದಿ ಮಾಡುತ್ತಿರುತ್ತದೆ, ಸಣ್ಣ ಪಂಪುಗಳು ಸುರಿಯುತ್ತಲೇ ಇರುತ್ತವೆ. ಕೊಳವೆಯೊಳಗೆ ಆಮ್ಲ ಮತ್ತು ಕ್ಲೋರಿನ್ ದ್ರಾವಣ ಸೇರಿ ವಿಷಾನಿಲವಾಗುತ್ತದೆ. ಮುಖ್ಯ ಪಂಪು ಮತ್ತೆ ಓಡಿದಾಗ ಅದು ಈಜುತ್ತಿರುವವರ ಮುಖದ ಮುಂದೆ ಹೊರಬರುತ್ತದೆ. ಇಂಥ ಅವಘಡಗಳು ಹಲವು ಕಡೆ ಆಗಿವೆ. ಸೆನ್ಸರ್ ಸುಳ್ಳು ಹೇಳಿರುವುದಿಲ್ಲ. ನೀರು ಹರಿಯುತ್ತಿದೆಯೇ ಎಂದು ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಹರಿವು ನಿಂತೊಡನೆ ಔಷಧವೂ ನಿಲ್ಲುವಂತೆ ಪ್ರತ್ಯೇಕ ಸ್ವಿಚ್ ಇಲ್ಲದ ಕೊಳಕ್ಕೆ ಈ ಯಂತ್ರವನ್ನು ಕೂಡಿಸಲೇಬಾರದು. ವಾರಕ್ಕೊಂದೆರಡು ಸಲ ಕೈಯಾರೆ ನೀರು ಪರೀಕ್ಷಿಸಿ ಸೆನ್ಸರಿನ ಅಂಕಿಯೊಂದಿಗೆ ಹೋಲಿಸುವ ಕೆಲಸವೂ ತಪ್ಪುವುದಿಲ್ಲ.

ಕೊನೆಯದಾಗಿ ಬನೂ ಮೂಸಾರ ಆ ತಾನೇ ತುಂಬುವ ಪಾತ್ರೆ. ಇಂದಿನ ಕೊಳಗಳಲ್ಲಿ ಅದು ಫ್ಲೋಟ್ ವಾಲ್ವಿನ ರೂಪದಲ್ಲಿದೆ. ಬಿಸಿಲಿಗೆ ನೀರು ಆರಿದರೆ ವಾಲ್ವು ತೆರೆದು ಭರ್ತಿ ಮಾಡುತ್ತದೆ. ಆದರೆ ನೀರು ಇಳಿದದ್ದು ಆವಿಯಾಗಿಯೋ ಸೋರಿಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಕೊಳದಲ್ಲಿ ನಿಮಿಷಕ್ಕೆ ಒಂದು ಲೀಟರ್ ಸೋರಿಕೆ ಇದೆ ಎಂದುಕೊಳ್ಳಿ. ದಿನಕ್ಕೆ 1,440 ಲೀಟರ್, ತಿಂಗಳಿಗೆ 43 ಸಾವಿರ ಲೀಟರ್. ಹೆಚ್ಚುಕಡಿಮೆ ಒಂದು ಇಡೀ ಕೊಳದ ನೀರು! ವಾಲ್ವು ಇಲ್ಲದಿದ್ದರೆ ನೀರಿನ ಮಟ್ಟ ದಿನಕ್ಕೆ ನಾಲ್ಕು ಸೆಂಟಿಮೀಟರಿನಷ್ಟು ಇಳಿದು ಎರಡೇ ದಿನದಲ್ಲಿ ಮನೆಯವರ ಕಣ್ಣಿಗೆ ಬೀಳುತ್ತಿತ್ತು. ವಾಲ್ವು ಇರುವುದರಿಂದ ಕೊಳ ಸದಾ ತುಂಬಿಯೇ ಕಾಣುತ್ತದೆ.

ಇದು ಬರೀ ಕೊಳದ ಯಜಮಾನನ ಖರ್ಚಿನ ಪ್ರಶ್ನೆಯಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಜನ ಟ್ಯಾಂಕರಿಗಾಗಿ ಕಾಯುತ್ತಿದ್ದಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ಕೊಳ ತುಂಬಿಸುವುದು ಎಲ್ಲರಿಗೂ ಕಾಣುವ ಕೆಲಸವಾದ್ದರಿಂದ ಅದನ್ನು ನಿಷೇಧಿಸಬಹುದು. ಹಗಲೂ ರಾತ್ರಿ ಸದ್ದಿಲ್ಲದೆ ತುಂಬುತ್ತಿರುವ ವಾಲ್ವನ್ನು ಹಿಡಿಯುವುದು ಹೇಗೆ? ಅದಕ್ಕೆ ಉಪಾಯ ಅಗ್ಗವಾಗಿದೆ. ಭರ್ತಿ ಮಾಡುವ ಪೈಪಿಗೆ ಒಂದು ನೀರಿನ ಮೀಟರ್ ಕೂಡಿಸಿ, ವಾರಕ್ಕೊಮ್ಮೆ ಅಂಕಿ ಬರೆದಿಟ್ಟರೆ ಸಾಕು. ಅನುಮಾನ ಬಂದರೆ ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು ಕೊಳದ ನೀರನ್ನೇ ಅದಕ್ಕೆ ತುಂಬಿ, ಬಕೆಟಿನ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಎಳೆಯಬೇಕು. ಮರುದಿನ ಅದೇ ಹೊತ್ತಿಗೆ ನೋಡಿದಾಗ ಹೊರಗಿನ ಮಟ್ಟ ಒಳಗಿನದಕ್ಕಿಂತ ಹೆಚ್ಚು ಇಳಿದಿದ್ದರೆ ಕೊಳ ಸೋರುತ್ತಿದೆ ಎಂದರ್ಥ. ಈ ಪರೀಕ್ಷೆ ನಡೆಯುವಷ್ಟು ಹೊತ್ತು ಫ್ಲೋಟ್ ವಾಲ್ವನ್ನು ಮುಚ್ಚಿಟ್ಟಿರಬೇಕು.